ದುಂಡಿ ಹೇಳಿದ ಸಾಕ್ಷಿ

ಬಿದಿರು ಮೆಳೆಗಳ ನಡುವೆ ಒಂದು ಮಡು ಇತ್ತು. ಸುತ್ತಲೂ ನೇರಳೆ ಮರಗಳು ನೀರಿನ ಮೇಲೆ ಬಾಗಿ ನಿಂತಿದ್ದರಿಂದ ಎಲ್ಲರೂ ಅದನ್ನು ನೇರಳೆಮಡು ಅಂತ ಕರೆಯುತ್ತಿದ್ದರು. ಆ ನೀರು ಕುಡಿಯುವ ಜೀವಗಳಿಗೆಲ್ಲ ಬೆಟ್ಟಮ್ಮ ಎಂಬ ಹಿರಿಯ ಆನೆಯೇ ಒಡತಿ. ಅವಳ ಬೆನ್ನಿಗೆ ಮೂವತ್ತು ಆನೆಗಳ ಹಿಂಡು.

ಮಕ್ಕಳೇ, ಮೂವತ್ತು ಆನೆಗಳು ದಿನಕ್ಕೆ ಎಷ್ಟು ಲದ್ದಿ ಹಾಕುತ್ತವೆ ಅಂತ ಯಾವತ್ತಾದರೂ ಯೋಚಿಸಿದ್ದೀರಾ? ಇಲ್ಲ ತಾನೆ? ನೇರಳೆಮಡುವಿನಲ್ಲೂ ಯಾರೂ ಯೋಚಿಸಿರಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ ದಾರಿ ತುಂಬ ಲದ್ದಿ. ಮಧ್ಯಾಹ್ನದ ಹೊತ್ತಿಗೆ ದಾರಿ ಚೊಕ್ಕಟ. ನಡುವೆ ಏನಾಯಿತು ಅಂತ ಕೇಳಿದವರೇ ಇಲ್ಲ.

ನಡುವೆ ಆಗುತ್ತಿದ್ದದ್ದು ಸಗಣಿಹುಳುಗಳ ಕೆಲಸ.

ಆ ಹುಳುಗಳಲ್ಲಿ ದುಂಡಿ ಒಬ್ಬಳು. ಅವಳಿಗೆ ವಯಸ್ಸು ಕಡಿಮೆ, ಮಾತು ಅದಕ್ಕಿಂತ ಕಡಿಮೆ. ಯಾರಾದರೂ ಏನಾದರೂ ಕೇಳಿದರೆ ಉತ್ತರ ಗಂಟಲ ತನಕ ಬಂದು ಅಲ್ಲೇ ಕೂತುಬಿಡುತ್ತಿತ್ತು. ಆದರೆ ಕಣ್ಣು ಮಾತ್ರ ಸುಮ್ಮನಿರುತ್ತಿರಲಿಲ್ಲ. ಯಾವ ಹುಲ್ಲಿನ ಎಸಳು ನಿನ್ನೆ ನೆಟ್ಟಗಿತ್ತು, ಇವತ್ತು ಬಾಗಿದೆ ಅನ್ನುವುದೂ ಅವಳಿಗೆ ಗೊತ್ತು.

ಅವಳಿಗೆ ಕೆಲಸ ಕಲಿಸಿದವಳು ಸೀಬಕ್ಕ. ದುಂಡಿಯ ಅಮ್ಮನನ್ನು ಹಕ್ಕಿಯೊಂದು ಎತ್ತಿಕೊಂಡು ಹೋದ ದಿನ, ಸೀಬಕ್ಕ ಬಂದು, "ಅಳೋದು ಆಮೇಲೆ ಅಳುವಂತೆ ಮಗಾ, ಮೊದಲು ಉಂಡೆ ಕಟ್ಟೋದು ಕಲಿ" ಅಂತ ಕರೆದುಕೊಂಡು ಹೋಗಿದ್ದಳು.

"ಮುಂಗಾಲಲ್ಲಿ ಅಗಿ, ತಲೆಯಲ್ಲಿ ತಟ್ಟು, ಹಿಂಗಾಲಲ್ಲಿ ತಳ್ಳು. ತಳ್ಳುವಾಗ ಮುಖ ನೆಲಕ್ಕಿರಬೇಕು, ಹಿಂದಹಿಂದಕ್ಕೆ ನಡೀಬೇಕು."

"ದಾರಿ ಕಾಣಲ್ವಲ್ಲ ಸೀಬಕ್ಕ?"

"ಆಗಾಗ ಉಂಡೆ ಮೇಲೆ ಹತ್ತಿ ಸೂರ್ಯನ್ನ ನೋಡು. ನೆಲ ನೋಡ್ಕೊಂಡು ಹೋಗೋರು ಸುತ್ತಿ ಸುತ್ತಿ ಅಲ್ಲಿಗೇ ಬರ್ತಾರೆ. ಸೂರ್ಯನ್ನ ನೋಡ್ಕೊಂಡು ಹೋಗೋರು ನೆಟ್ಟಗೆ ಹೋಗ್ತಾರೆ. ಇನ್ನೊಂದು ಮಾತು. ಲದ್ದಿನ ಬರೀ ಹೊರಬೇಡ, ಓದು. ಯಾರು ಏನು ತಿಂದರು, ಯಾರಿಗೆ ಹೊಟ್ಟೆ ಸರಿಯಿಲ್ಲ, ಯಾರು ನೀರು ಕುಡಿದಿಲ್ಲ, ಎಲ್ಲಾ ಅದರಲ್ಲೇ ಇರುತ್ತೆ. ವೈದ್ಯರಿಗಿಂತ ಮೊದಲು ನಮಗೆ ಗೊತ್ತಾಗುತ್ತೆ ಕಣೇ."

ಅಷ್ಟೆಲ್ಲ ಕೆಲಸಕ್ಕೆ ಕೂಲಿ ಎಷ್ಟು? ಹುಣ್ಣಿಮೆಗೊಂದು ಅತ್ತಿಹಣ್ಣು. ಒಬ್ಬರಿಗಲ್ಲ, ಆರು ಜನಕ್ಕೆ ಸೇರಿ ಒಂದು. ಸೀಬಕ್ಕನ ಅಜ್ಜಿಯ ಕಾಲದಲ್ಲೂ ಅದೇ.

"ಆವಾಗ ಆನೆ ಹನ್ನೆರಡು ಇದ್ದವು, ಈಗ ಮೂವತ್ತು" ಅಂತ ಹಣ್ಣು ಹಂಚುವಾಗ ಸೀಬಕ್ಕ ಗೊಣಗುತ್ತಿದ್ದಳು. "ಲದ್ದಿ ಬೆಳೀತು, ನಮ್ಮ ಕೇರಿ ಬೆಳೀತು, ಈ ಹಣ್ಣೊಂದು ಬೆಳೀಲಿಲ್ಲ ನೋಡು. ಬಿಚ್ಚಿದರೆ ನಮಗಿಂತ ಮೊದಲೇ ಬೇರೆ ಹುಳ ಬಂದು ಊಟಕ್ಕೆ ಕೂತಿರ್ತಾವೆ!"

ಎಲ್ಲರೂ ನಗುತ್ತಿದ್ದರು. ನಕ್ಕು ತಮ್ಮ ಚೂರು ತಿಂದು ಕೆಲಸಕ್ಕೆ ಹೋಗುತ್ತಿದ್ದರು.

ಇನ್ನು ನೇರಳೆಮಡುವಿನ ಕಚೇರಿಯ ವಿಷಯ. ಮಡುವಿನ ದಂಡೆಯ ಜೇಡಿಮಣ್ಣಿನ ಬಯಲೇ ಕಚೇರಿ. ಅಲ್ಲಿ ಏಕಪಾದಯ್ಯ ಎಂಬ ಕೊಕ್ಕರೆ ಗುಮಾಸ್ತ. ಹೆಸರಿಗೆ ತಕ್ಕ ಹಾಗೆ ದಿನವಿಡೀ ಒಂದೇ ಕಾಲಿನ ಮೇಲೆ ನಿಂತು ಮಣ್ಣನ್ನೇ ದಿಟ್ಟಿಸುತ್ತಿದ್ದ. ಅವನು ಕೆಲಸಕ್ಕೆ ಬರುವ ಮುಂಚೆ ಪಕ್ಕದ ಕಾಡಿನ ಯಾವುದೋ ಒಂಟಿಸಲಗ ಬಂದು, ತಾನೂ ಈ ಹಿಂಡಿನವನೇ ಅಂತ ಸುಳ್ಳು ಹೇಳಿ, ಔಷಧಿಯನ್ನೆಲ್ಲ ತಿಂದು ಹೋಗಿತ್ತು. ಆಗ ಏಕಪಾದಯ್ಯ ಬೆಟ್ಟಮ್ಮನಿಗೆ ಒಂದು ಉಪಾಯ ಹೇಳಿದ.

"ಅಮ್ಮಾವ್ರೇ, ಮುಖವನ್ನು ನಂಬಬಾರದು, ಮಾತನ್ನು ನಂಬಬಾರದು. ಹೆಜ್ಜೆಯನ್ನು ನಂಬಬೇಕು. ಮಳೆ ನಿಂತ ಕೂಡಲೇ ಎಲ್ಲರೂ ಹಸಿಮಣ್ಣಿನಲ್ಲಿ ಬಲಗಾಲು ಒತ್ತಲಿ. ಬಿಸಿಲಿಗೆ ಅದು ಒಣಗಿ ಕಲ್ಲಾಗುತ್ತದೆ. ಅದೇ ಪಟ್ಟಿ. ಆಮೇಲೆ ಕೂಲಿ ಬೇಕಾದವರು, ಔಷಧಿ ಬೇಕಾದವರು ಬಂದು ಮತ್ತೆ ಕಾಲು ಒತ್ತಲಿ. ಎರಡೂ ಹೊಂದಿದರೆ ಚೀಟಿ. ಹೊಂದದಿದ್ದರೆ ಇಲ್ಲ."

ಬೆಟ್ಟಮ್ಮನಿಗೆ ಇದು ಹಿಡಿಸಿತು. "ಇರುವೆಯಿಂದ ಆನೆಯ ತನಕ ಒಂದೇ ಕಟ್ಟಳೆ" ಅಂತ ಸೊಂಡಿಲೆತ್ತಿ ಸಾರಿದಳು. ತಾನೂ ಬಲಗಾಲು ಒತ್ತಿದಳು. ಅವಳ ಒಂದು ಹೆಜ್ಜೆಯೇ ಅರ್ಧ ಬಯಲು ನುಂಗಿತು. ಐದು ಉಗುರುಗಳ ಗುರುತು ಐದು ಕುಂಡಗಳ ಹಾಗೆ ಕಾಣುತ್ತಿತ್ತು.

ಕೇಳಲು ಚೆನ್ನಾಗಿಯೇ ಇತ್ತು. ಆದರೆ ಸಗಣಿಹುಳುವಿನ ಮುಂಗಾಲನ್ನು ನೀವು ನೋಡಿದ್ದೀರಾ? ಅದರಲ್ಲಿ ಗರಗಸದ ಹಾಗೆ ನಾಲ್ಕು ಹಲ್ಲುಗಳಿರುತ್ತವೆ. ನೆಲ ಅಗೆಯುವುದು ಆ ಹಲ್ಲುಗಳಿಂದಲೇ. ಅಗೆದಂತೆಲ್ಲ ಹಲ್ಲು ಸವೆಯುತ್ತದೆ. ಹೀಗಾಗಿ ನೇರಳೆಮಡುವಿನಲ್ಲಿ ಒಂದು ವಿಚಿತ್ರ ನಡೆಯಿತು. ಯಾರು ಹೆಚ್ಚು ದುಡಿದರೋ ಅವರ ಹೆಜ್ಜೆಯೇ ಮೊದಲು ಪಟ್ಟಿಗೆ ಹೊಂದದೆ ಹೋಯಿತು. ಅವರೇ ಮೊದಲು ಚೀಟಿ ಕಳೆದುಕೊಂಡರು. ಅಂಥವರು ಕಚೇರಿಯ ಕಡೆ ಬರುವುದನ್ನೇ ಬಿಟ್ಟು, ಹುಲ್ಲಿನ ಮರೆಯಲ್ಲಿ ಕೆಲಸ ಮಾಡಿಕೊಂಡು, ಬೇರೆಯವರ ಪಾಲಿನ ಹಣ್ಣಿನಲ್ಲಿ ಒಂದು ಕಚ್ಚು ತಿಂದುಕೊಂಡು ಇದ್ದರು.

ಬೇಸಿಗೆಯ ಕೊನೆಯ ಒಂದು ಬೆಳಗ್ಗೆ ಸೀಬಕ್ಕನ ಉಂಡೆಯ ಮೇಲೆ ದಿಬ್ಬದಿಂದ ಕಲ್ಲೊಂದು ಉರುಳಿ ಬಿತ್ತು. ಉಂಡೆಯೇನೋ ಒಡೆಯಿತು, ಜೊತೆಗೆ ಅವಳ ಹಿಂಗಾಲು ಮುರಿಯಿತು. "ಏನಿಲ್ಲ ಕಣೇ, ಸರಿಹೋಗುತ್ತೆ" ಅಂತ ಎರಡು ದಿನ ಅವಳು ಮುರಿದ ಕಾಲಲ್ಲೇ ಕೆಲಸ ಮಾಡಿದಳು. ಮೂರನೆಯ ದಿನ ಏಳಲಾಗಲಿಲ್ಲ. ಗಾಯ ಕೀವಾಗಿ ಮೈ ಕಾಯುತ್ತಿತ್ತು.

ದುಂಡಿ ಒಂದು ನೇರಳೆ ಎಲೆಯ ಮೇಲೆ ಅವಳನ್ನು ಮಲಗಿಸಿ, ಎಲೆಯ ತೊಟ್ಟು ಹಿಡಿದು, ವೈದ್ಯಶಾಲೆಗೆ ಎಳೆದುಕೊಂಡು ಹೋದಳು. ವೈದ್ಯ ನಾರಪ್ಪ ಒಂದು ಮುಂಗುಸಿ. ಬೇರು ನಾರುಗಳ ವಿದ್ಯೆಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಕಚೇರಿಯ ಬಯಲಿಗೆ ಅಂಟಿಕೊಂಡೇ ಇದ್ದ ಮರದ ಪೊಟರೆಯಲ್ಲಿ ಅವನ ಔಷಧಿ.

ನಾರಪ್ಪ ಗಾಯವನ್ನು ಮೂಸಿ ನೋಡಿದ. ಅವನ ಮೀಸೆ ಇಳಿಯಿತು. "ಇವತ್ತು ಔಷಧಿ ಹಾಕಿ ಕಟ್ಟಿದರೆ ಕಾಲು ಉಳಿಯುತ್ತೆ. ನಾಳೆ ಅಂದರೆ ಜೀವ ಉಳಿದರೆ ಹೆಚ್ಚು. ಚೀಟಿ ಎಲ್ಲಿ?"

"ಚೀಟಿ ಇಲ್ಲ ವೈದ್ಯರೇ" ಅಂದಳು ದುಂಡಿ, ಕೇಳಿಸಿತೋ ಇಲ್ಲವೋ ಅನ್ನುವಷ್ಟು ಸಣ್ಣಗೆ.

"ಹಾಗಾದರೆ ನಾನೇನು ಮಾಡಲಿ ತಾಯಿ? ಚೀಟಿ ಇಲ್ಲದೆ ಒಂದು ಬೇರು ಮುಟ್ಟಿದರೂ ನನ್ನನ್ನ ಹಾವೇ ಇಲ್ಲದ ಕಾಡಿಗೆ ವರ್ಗ ಮಾಡಿಬಿಡ್ತಾರೆ. ಹೋಗು, ಏಕಪಾದಯ್ಯನವರನ್ನ ಕೇಳು. ಬೇಗ ಹೋಗು."

ಕಚೇರಿಯಲ್ಲಿ ಸಾಲು ಇತ್ತು. ಗಂಟಲು ಕಟ್ಟಿದ ನವಿಲು, ಕಿವಿನೋವಿನ ಮುಸುವ ಕೋತಿ, ಇನ್ನೂ ಯಾರು ಯಾರೋ. ದುಂಡಿ ಎಲೆ ಎಳೆದುಕೊಂಡು ಹೋಗಿ ಸಾಲಿನ ಕೊನೆಯಲ್ಲಿ ನಿಂತಳು. ಬಯಲಿನ ಅಂಚಿನಲ್ಲಿ ಒಂದು ಫಲಕ: "ಕಚೇರಿ ವೇಳೆಯಲ್ಲಿ ಸಿಬ್ಬಂದಿಯು ಸಾರ್ವಜನಿಕರನ್ನು ತಿನ್ನತಕ್ಕದ್ದಲ್ಲ." ಕೊಕ್ಕರೆಯ ಮುಂದೆ ನಿಲ್ಲುವ ಹುಳುಗಳಿಗೆ ಅದೊಂದೇ ಧೈರ್ಯ. ಹೊತ್ತು ಮುಳುಗುವ ಮುಂಚೆ ಅಲ್ಲಿಂದ ಜಾಗ ಖಾಲಿ ಮಾಡಬೇಕು ಅನ್ನುವುದು ಎಲ್ಲರಿಗೂ ಗೊತ್ತಿತ್ತು.

ಸರದಿ ಬಂತು. ಏಕಪಾದಯ್ಯ ತಲೆ ಎತ್ತಲಿಲ್ಲ. "ಹೆಜ್ಜೆ" ಅಂದ.

ಸೀಬಕ್ಕ ಎಲೆಯ ಮೇಲೆ ಮಲಗಿಕೊಂಡೇ ಬಲ ಮುಂಗಾಲು ಚಾಚಿ ಹಸಿಮಣ್ಣಿಗೆ ಒತ್ತಿದಳು.

"ಪಟ್ಟಿಯ ಸೀಬಕ್ಕನಿಗೆ ಹಲ್ಲು ನಾಲ್ಕು. ನಿನಗೆ ಒಂದೇ. ನೀನು ಸೀಬಕ್ಕ ಅಲ್ಲ."

"ನಾನು ಸೀಬಕ್ಕ ಅಲ್ಲದಿದ್ದರೆ ಈ ಕಾಲುನೋವು ಯಾರದು ಸ್ವಾಮಿ?" ಅಂದಳು ಸೀಬಕ್ಕ. ಆ ಜ್ವರದಲ್ಲೂ ಅವಳ ನಾಲಿಗೆ ಚುರುಕಾಗಿಯೇ ಇತ್ತು.

ದುಂಡಿ ಮುಂದೆ ಬಂದು, "ಹಲ್ಲು ಸವೆದಿದೆ ಸ್ವಾಮಿ" ಅಂದಳು.

"ಸವೆದಿದೆ ಅನ್ನೋದಕ್ಕೆ ಏನು ದಾಖಲೆ?"

"ಕೆಲಸ ಮಾಡಿ ಸವೆದದ್ದು."

"ಅದನ್ನು ಅರ್ಜಿಯಲ್ಲಿ ಬರೆದುಕೊಡಿ."

"ಎಲ್ಲಿ ಕೊಡಬೇಕು?"

"ಇಲ್ಲೇ, ನನಗೇ."

ದುಂಡಿಗೆ ಸ್ವಲ್ಪ ಜೀವ ಬಂತು. "ಈಗಲೇ ಕೊಡ್ತೀನಿ ಸ್ವಾಮಿ."

"ಕೊಡು. ಅರ್ಜಿಯ ಕೆಳಗೆ ಸೀಬಕ್ಕನ ಹೆಜ್ಜೆ ಇರಬೇಕು. ಪಟ್ಟಿಗೆ ಹೊಂದಬೇಕು."

ಚೀಟಿ ಪಡೆದು ಪಕ್ಕದಲ್ಲಿ ನಿಂತಿದ್ದ ಮುಸುವ ಕಿಸಕ್ಕನೆ ನಕ್ಕಿತು. ದುಂಡಿಯ ಮುಖ ಬಿಸಿಯಾಯಿತು. ಆದರೂ ಅವಳು ಅಲ್ಲಿಂದ ಕದಲಲಿಲ್ಲ. ಹೇಳಬೇಕಾದ ಇನ್ನೊಂದು ಮಾತಿತ್ತು.

"ಸ್ವಾಮಿ, ಬೆಟ್ಟಮ್ಮನವರಿಗೂ ಮೈ ಸರಿಯಿಲ್ಲ. ನಾಲ್ಕು ದಿನದಿಂದ ಅವರ ಲದ್ದಿ ದಾರಿಯುದ್ದಕ್ಕೂ ಬೀಳ್ತಿಲ್ಲ. ಒಂದೇ ಕಡೆ ಗುಡ್ಡೆ ಬಿದ್ದಿದೆ. ಅದೂ ಒಣಗಿ ಕಲ್ಲಾಗಿದೆ. ಅವರು ನಡೀತಿಲ್ಲ, ನೀರಿಗೂ ಬರ್ತಿಲ್ಲ. ಕಾಲಿಗೇನೋ ಆಗಿರಬೇಕು."

ಈಗ ಏಕಪಾದಯ್ಯ ನಕ್ಕ. "ಲದ್ದಿ ಹೊರೋಳು ಆನೆಗೆ ನಾಡಿ ಹಿಡಿಯೋಕೆ ಬಂದಳು! ನಾರಪ್ಪನವರೇ, ಕೇಳಿದಿರಾ? ನಿಮ್ಮ ಕೆಲಸಕ್ಕೆ ಕುತ್ತು ಬಂತು. ಪಕ್ಕಕ್ಕೆ ಸರಿ. ಮುಂದಿನವರು, ಹೆಜ್ಜೆ!"

ದುಂಡಿ ಎಲೆಯನ್ನು ಪಕ್ಕಕ್ಕೆ ಎಳೆದಳು. ಆದರೆ ಸಾಲು ಬಿಡಲಿಲ್ಲ. "ನಮ್ಮ ಸರದಿ ಇನ್ನೂ ಮುಗಿದಿಲ್ಲ ಅಕ್ಕ" ಅಂದಳು.

"ಮನೆಗೆ ಹೋಗೋಣ ಮಗಾ" ಅಂದಳು ಸೀಬಕ್ಕ. "ಸಾಯೋದಾದರೆ ನಮ್ಮ ಮಣ್ಣಿನಲ್ಲೇ ಸಾಯ್ತೀನಿ. ಇವರ ಜೇಡಿಯಲ್ಲಿ ಯಾಕೆ?"

"ಸ್ವಲ್ಪ ಹೊತ್ತು ಅಕ್ಕ."

ಏನಕ್ಕೆ ಕಾಯುತ್ತಿದ್ದೇನೆ ಅನ್ನುವುದು ದುಂಡಿಗೂ ಗೊತ್ತಿರಲಿಲ್ಲ. ಬಿಸಿಲು ಏರಿತು. ಸೀಬಕ್ಕ ಮಾತಾಡುವುದನ್ನು ನಿಲ್ಲಿಸಿದಳು. ಅದರಿಂದ ದುಂಡಿಗೆ ಎಲ್ಲಕ್ಕಿಂತ ಹೆಚ್ಚು ಭಯವಾಯಿತು.

ಅಷ್ಟರಲ್ಲಿ ಬಿದಿರು ಮೆಳೆ ಅಲುಗಿತು. ನೆಲ ಒಮ್ಮೆ ಅದುರಿತು, ನಿಂತಿತು. ಮತ್ತೆ ಅದುರಿತು, ನಿಂತಿತು. ನಾಲ್ಕು ಕಾಲಿನಲ್ಲಿ ನಡೆಯುವವರ ಸದ್ದು ಹಾಗಿರುವುದಿಲ್ಲ ಅಂತ ದುಂಡಿಗೆ ಕೂಡಲೇ ತಿಳಿಯಿತು. ಬೆಟ್ಟಮ್ಮ ಮೂರು ಕಾಲಿನ ಮೇಲೆ ಕುಂಟುತ್ತ ಬರುತ್ತಿದ್ದಳು. ಬಲಗಾಲು ಮರದ ಬೊಡ್ಡೆಯ ಹಾಗೆ ಊದಿತ್ತು. ಅಂಗಾಲಿನಲ್ಲಿ ಬಿದಿರಿನ ಸಿಬಿರು ಹೊಕ್ಕಿತ್ತು.

ಎಲ್ಲರೂ ದಾರಿ ಬಿಟ್ಟರು. ಆನೆ ನಡೆದದ್ದೇ ದಾರಿ ಅಂತಾರಲ್ಲ. ಬೆಟ್ಟಮ್ಮ ನೇರ ಬಯಲಿಗೆ ಬಂದು ನಿಂತಳು. ಏಕಪಾದಯ್ಯ ಎಂದಿನಂತೆ ಮಣ್ಣನ್ನೇ ನೋಡುತ್ತಿದ್ದ.

"ಹೆಜ್ಜೆ" ಅಂದ.

ನವಿಲು ಕೆಮ್ಮಿತು. ಬೆಟ್ಟಮ್ಮ ನೋವು ನುಂಗಿಕೊಂಡು ಬಲಗಾಲು ಒತ್ತಿದಳು.

"ಪಟ್ಟಿಯ ಬೆಟ್ಟಮ್ಮನವರಿಗೆ ಉಗುರು ಐದು. ಇಲ್ಲಿ ಕಾಣುವುದು ಎರಡು. ಅಳತೆಯೂ ಹೆಚ್ಚಿದೆ. ನೀವು ಬೆಟ್ಟಮ್ಮ ಅಲ್ಲ. ಮುಂದಿನವರು!"

ಮುಂದಿನವರು ಯಾರೂ ಬರಲಿಲ್ಲ. ಯಾಕೆ ಅಂತ ನೋಡಲು ಏಕಪಾದಯ್ಯ ಮೊದಲ ಬಾರಿಗೆ ಕತ್ತೆತ್ತಿದ. ಎತ್ತಿದ, ಎತ್ತಿದ, ಇನ್ನೂ ಎತ್ತಿದ. ಕೊನೆಗೆ ಬೆಟ್ಟಮ್ಮನ ಮುಖ ಕಂಡಿತು. ಎತ್ತಿಟ್ಟಿದ್ದ ಇನ್ನೊಂದು ಕಾಲು ತಾನಾಗಿ ಕೆಳಗಿಳಿಯಿತು. ಆದರೆ ಆಡಿದ ಮಾತನ್ನು ನುಂಗುವ ಅಭ್ಯಾಸ ಅವನಿಗಿರಲಿಲ್ಲ.

"ರೂಪ ಅಮ್ಮಾವ್ರದ್ದೇ ಇದ್ದ ಹಾಗಿದೆ. ಆದರೆ ರೂಪವನ್ನು ನಂಬಬಾರದು ಅಂತ ಅಮ್ಮಾವ್ರೇ ಅಪ್ಪಣೆ ಕೊಟ್ಟಿದ್ದಾರೆ."

"ನಾನೇ ಕಣೋ ಬೆಟ್ಟಮ್ಮ!"

"ಆ ಒಂಟಿಸಲಗವೂ ಇದೇ ಥರ ಕೂಗಿತ್ತಂತೆ. ಎಡಗಾಲು ಒತ್ತುತ್ತೀರೋ ಅಂದರೆ, ಪಟ್ಟಿಯಲ್ಲಿರೋದು ಬಲಗಾಲು. ತಮ್ಮನ್ನು ಗುರುತಿಸುವವರು ಯಾರಾದರೂ ಇದ್ದರೆ ಕರೆಸಬಹುದು."

"ನಾವೆಲ್ಲ ಇದ್ದೀವಲ್ಲ" ಅಂತು ನವಿಲು. "ದಿನಾ ನೋಡ್ತೀವಿ. ಇವರೇ ಬೆಟ್ಟಮ್ಮ."

"ನೋಡಿದ್ದು ಸಾಕ್ಷಿಯಲ್ಲ. ಬೆಟ್ಟಮ್ಮನವರಿಗೆ ಮಾತ್ರ ಸೇರಿದ ಒಂದು ಸಂಗತಿ ಹೇಳು ನೋಡೋಣ?"

ನವಿಲು ಯೋಚಿಸಿತು. "ಅವರು... ತುಂಬ ದೊಡ್ಡವರು" ಅಂತು. ಮುಸುವ, "ಕಿವಿ ಅಗಲ" ಅಂತು. ದಿನಾ ಬೆಟ್ಟಮ್ಮನಿಗೆ ನಮಸ್ಕಾರ ಹೊಡೆಯುತ್ತಿದ್ದವರಲ್ಲಿ ಒಬ್ಬರಿಗೂ ಅವಳ ಬಗ್ಗೆ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ.

ಬೆಟ್ಟಮ್ಮ ಇಕ್ಕಟ್ಟಿಗೆ ಸಿಕ್ಕಿದಳು. ಕಟ್ಟಳೆ ಮಾಡಿದವಳೇ ಎಲ್ಲರೆದುರು ಅದನ್ನು ತುಳಿದರೆ ನಾಳೆ ಯಾರು ಪಾಲಿಸುತ್ತಾರೆ? ಪಾಲಿಸಿದರೆ ಕಾಲು ಹೋಗುತ್ತದೆ.

ದುಂಡಿಯ ಗಂಟಲ ತನಕ ಮಾತು ಬಂತು. ಈ ಸಲ ಅದು ಅಲ್ಲಿ ಕೂರಲಿಲ್ಲ.

"ನಾನು ಹೇಳಬಲ್ಲೆ."

ಯಾರಿಗೂ ಕೇಳಿಸಲಿಲ್ಲ. ಅವಳು ಪಕ್ಕದಲ್ಲಿದ್ದ ಮಣ್ಣುಹೆಂಟೆಯ ಮೇಲೆ ಹತ್ತಿದಳು.

"ನಾನು ಹೇಳಬಲ್ಲೆ ಸ್ವಾಮಿ!"

ಏಕಪಾದಯ್ಯ ಕೆಳಗೆ ನೋಡಿದ. "ಸಾಕ್ಷಿ ಹೇಳುವವರು ಮೊದಲು ತಮ್ಮ ಹೆಜ್ಜೆ ಒತ್ತಬೇಕು."

ದುಂಡಿ ತನ್ನ ಮುಂಗಾಲು ನೋಡಿಕೊಂಡಳು. ಹೋದ ಹುಣ್ಣಿಮೆಗೆ ಮೂರು ಹಲ್ಲಿತ್ತು. ಏಕಪಾದಯ್ಯ ಮೂಗು ಮುರಿದರೂ ಬಿಟ್ಟಿದ್ದ. ಈಗ ಎರಡೇ. ಒತ್ತಿದರೆ ಇದ್ದ ಕೂಲಿಯೂ ಹೋಗುತ್ತದೆ. ಎಲೆಯ ಮೇಲಿಂದ ಸೀಬಕ್ಕ ಕ್ಷೀಣವಾಗಿ, "ಒತ್ತಬೇಡ ಮಗಾ" ಅಂದಳು.

ದುಂಡಿ ಒತ್ತಿದಳು.

"ಪಟ್ಟಿಯಲ್ಲಿ ನಾಲ್ಕು, ಇಲ್ಲಿ ಎರಡು. ನೀನೂ ದುಂಡಿ ಅಲ್ಲ!" ಅಂತ ಏಕಪಾದಯ್ಯ ಗೆದ್ದವನ ಹಾಗೆ ಹೇಳಿದ. "ನೀನು ಯಾರೂ ಅಲ್ಲ. ಯಾರೂ ಅಲ್ಲದವಳ ಸಾಕ್ಷಿ ನಡೆಯಲ್ಲ."

"ಯಾಕೆ ನಿನ್ನ ಹಲ್ಲು ಹೀಗಾಯಿತು?" ಬೆಟ್ಟಮ್ಮ ಕೇಳಿದಳು. ಅಷ್ಟು ವರ್ಷಗಳಲ್ಲಿ ಅವಳು ಒಂದು ಹುಳುವಿನ ಜೊತೆ ಮಾತಾಡಿದ್ದು ಅದೇ ಮೊದಲು.

ಉತ್ತರ ಎಲೆಯ ಮೇಲಿಂದ ಬಂತು. "ನಿಮ್ಮ ದಾರಿ ಅಗೆದೂ ಅಗೆದೂ ಹೀಗಾಯಿತು ಅಮ್ಮಾವ್ರೇ" ಅಂದಳು ಸೀಬಕ್ಕ. "ಈ ವಯಸ್ಸಿನಲ್ಲಿ ನಾಲ್ಕೂ ಹಲ್ಲು ನೆಟ್ಟಗಿದ್ದರೆ ಆ ಹುಳ ಕೆಲಸ ಕದ್ದಿದೆ ಅಂತ ಅರ್ಥ. ನಾವು ಕದ್ದಿಲ್ಲ."

ಬೆಟ್ಟಮ್ಮ ತನ್ನ ಊದಿದ ಕಾಲನ್ನು ನೋಡಿಕೊಂಡಳು. "ಏಕಪಾದಯ್ಯ, ಇವಳ ಹೆಜ್ಜೆ ಒಪ್ಪಿಕೋ" ಅಂದಳು.

"ಅಮ್ಮಾವ್ರು ಹೇಳಿದರೆ ಖಂಡಿತ ಒಪ್ಪಬಹುದು" ಅಂತ ಏಕಪಾದಯ್ಯ ವಿನಯದಿಂದ ಬಾಗಿದ. "ಆದರೆ ತಾವು ಅಮ್ಮಾವ್ರು ಅನ್ನೋದು ಇನ್ನೂ ಸಾಬೀತಾಗಿಲ್ಲವಲ್ಲ."

ಮುಸುವ ನಗು ತಡೆಯಲಾಗದೆ ಮರ ಹತ್ತಿತು.

ಆಗ ದುಂಡಿ ಅಂದಳು, "ಸ್ವಾಮಿ, ಒಂದು ಮಾತು. ಬೆಟ್ಟಮ್ಮನವರಿಗೆ ಮಾತ್ರ ಗೊತ್ತಿರುವ ಸಂಗತಿಯೊಂದಿದೆ. ಅವರನ್ನು ಬಿಟ್ಟರೆ, ಅವರ ಲದ್ದಿ ತೆಗೆಯುವ ದುಂಡಿಗೆ ಮಾತ್ರ ಅದು ಗೊತ್ತು. ಮೂರನೆಯವರಿಗೆ ಗೊತ್ತಿರೋಕೆ ಸಾಧ್ಯವೇ ಇಲ್ಲ. ಅದನ್ನ ನಾನು ಹೇಳಿ, ಇವರು ಹೌದು ಅಂದರೆ, ಇವರು ಬೆಟ್ಟಮ್ಮ ಅಂತಲೂ ಆಯಿತು, ನಾನು ದುಂಡಿ ಅಂತಲೂ ಆಯಿತು. ಸರಿ ತಾನೆ?"

ಏಕಪಾದಯ್ಯ ಕತ್ತು ಆ ಕಡೆ ಈ ಕಡೆ ತಿರುಗಿಸಿದ. ತಪ್ಪು ಹುಡುಕಿದ. ಸಿಗಲಿಲ್ಲ. "ಸರಿ" ಅಂದ.

ದುಂಡಿ ಬೆಟ್ಟಮ್ಮನ ಕಡೆ ತಿರುಗಿದಳು. ಅವಳ ಎತ್ತರಕ್ಕೆ ಆನೆಯ ಮುಖ ಕಾಣುತ್ತಿರಲಿಲ್ಲ, ಕಾಲು ಮಾತ್ರ ಕಾಣುತ್ತಿತ್ತು. ಆ ಕಾಲಿಗೇ ಹೇಳಿದಳು. "ಅಮ್ಮಾವ್ರೇ, ನಾನು ದುಂಡಿ ಅಂತಾದರೆ ಸವೆದ ಕಾಲೂ ಕಾಲೇ ಅಂತಾಗುತ್ತೆ. ಆಗ ಸೀಬಕ್ಕನ ಕಾಲನ್ನೂ ಒಪ್ಪಬೇಕು. ನಮ್ಮ ಕೇರಿಯಲ್ಲಿ ಸವೆದ ಕಾಲಿನವರು ಎಷ್ಟು ಜನ ಇದ್ದಾರೋ ಅಷ್ಟೂ ಜನರನ್ನ ಒಪ್ಪಬೇಕು. ಒಪ್ಪುತ್ತೀರಾ?"

"ಒಪ್ಪುತ್ತೇನೆ."

"ಹಾಗಾದರೆ ಕೇಳಿ. ಐದು ದಿನದ ಹಿಂದೆ ನೀವು ಹುಣಸೆ ಮರದ ಕಡೆ ಹೋಗಿದ್ದಿರಿ. ನಾಲ್ಕು ದಿನದ ಹಿಂದೆ ಬಿದಿರು ತಿಂದಿರಿ. ಸಿಬಿರು ಹೊಕ್ಕಿದ್ದು ಅವತ್ತೇ. ಆಮೇಲೆ ಬಂಡೆ ಪಕ್ಕದಲ್ಲಿ ನಿಂತವರು ಕದಲಲಿಲ್ಲ."

"ಇದನ್ನು ಯಾರು ಬೇಕಾದರೂ ನೋಡಿರಬಹುದು" ಅಂದ ಏಕಪಾದಯ್ಯ.

"ಇದನ್ನ ನೋಡಿರಬಹುದು." ಅಂದಳು ದುಂಡಿ. "ಬಂಡೆಯ ಹಿಂದೆ, ಆನೆಮರಿಗಳ ಹಬ್ಬಕ್ಕೆ ಅಂತ ಹಲಸಿನಹಣ್ಣು ಮುಚ್ಚಿಟ್ಟಿದ್ದರು. ಅವು ಕಾಣೆಯಾದಾಗ ಕರಡಿ ಕದ್ದಿತು ಅಂತ ಕಾಡೆಲ್ಲ ಸುದ್ದಿಯಾಯಿತು. ಪಾಪ, ಕರಡಿ ಊರು ಬಿಟ್ಟು ಹೋಯಿತು. ಆದರೆ ಮಾರನೆ ದಿನ ಒಬ್ಬರ ಲದ್ದಿಯಲ್ಲಿ ಹಲಸಿನ ಬೀಜ ಸಿಕ್ಕಿತು. ನಾನೇ ಎಣಿಸಿದೆ. ಇನ್ನೂರ ಹತ್ತು. ಅಂದರೆ ಎರಡು ಇಡೀ ಹಣ್ಣು. ಒಂದು ಬೀಜವನ್ನೂ ಅಗಿದಿರಲಿಲ್ಲ, ಅಷ್ಟು ಅವಸರ."

ಬೆಟ್ಟಮ್ಮನ ಅಗಲ ಕಿವಿಗಳು ಮೆಲ್ಲಗೆ ಮುಂದೆ ಬಂದು ಅವಳ ಮುಖವನ್ನು ಮುಚ್ಚಿದವು.

"ಸಾಕು" ಅಂತ ಕಿವಿಗಳ ಹಿಂದಿನಿಂದ ದನಿ ಬಂತು. "ಸಾಕು ತಾಯಿ. ನಾನೇ ಬೆಟ್ಟಮ್ಮ."

"ಅಂದರೆ ಹಲಸಿನಹಣ್ಣು..." ಅಂತ ನವಿಲು ಶುರು ಮಾಡಿತು.

"ಹೌದು, ನಾನೇ ತಿಂದದ್ದು! ಬೀಜದ ಲೆಕ್ಕವೂ ಸರಿ ಇರಬೇಕು. ಕರಡಿಗೆ ಹೇಳಿಕಳಿಸಿ, ವಾಪಸು ಬರಲಿ. ನಾನೇ ತಪ್ಪೊಪ್ಪಿಕೊಳ್ತೀನಿ."

ಮೊದಲು ಯಾರು ನಕ್ಕರೋ ಗೊತ್ತಿಲ್ಲ. ಬಹುಶಃ ಸೀಬಕ್ಕನೇ ಇರಬೇಕು. ಆಮೇಲೆ ದಂಡೆಗೆ ದಂಡೆಯೇ ನಕ್ಕಿತು. ಬೆಟ್ಟಮ್ಮನೂ ನಕ್ಕಳು. ನಕ್ಕಿದ್ದಕ್ಕೆ ಕಾಲು ಇನ್ನಷ್ಟು ನೋಯಿತು.

ಏಕಪಾದಯ್ಯ ಅವಸರವಸರವಾಗಿ ಮುತ್ತುಗದ ಎಲೆಯ ಚೀಟಿ ಹರಿದು, ಎರಡೂ ಕಾಲಲ್ಲಿ ನಿಂತು, ಬೆಟ್ಟಮ್ಮನ ಮುಂದೆ ಚಾಚಿದ. "ತಗೊಳ್ಳಿ ಅಮ್ಮಾವ್ರೇ, ಮೊದಲ ಚೀಟಿ ತಮ್ಮದೇ."

ಬೆಟ್ಟಮ್ಮ ಸೊಂಡಿಲು ಚಾಚಲಿಲ್ಲ. "ಸಾಲಿನಲ್ಲಿ ನನಗಿಂತ ಮುಂದೆ ಯಾರಿದ್ದಾರೆ?"

ಎಲ್ಲರ ಕಣ್ಣೂ ನೇರಳೆ ಎಲೆಯ ಕಡೆ ಹೋಯಿತು.

"ಹಾಗಾದರೆ ಮೊದಲು ಅವರಿಗೆ ಆಗಲಿ" ಅಂದಳು ಬೆಟ್ಟಮ್ಮ. ನೋವಿನ ಕಾಲನ್ನು ಎತ್ತಿ ಹಿಡಿದು, ಒಂದು ಹುಳುವಿನ ಹಿಂದೆ ಸಾಲಿನಲ್ಲಿ ನಿಂತಳು.

ನಾರಪ್ಪ ಪೊಟರೆಯಿಂದ ಹಾರಿಯೇ ಬಂದ. ಬೇರು ತೇಯ್ದು ಗಾಯಕ್ಕೆ ಹಚ್ಚಿದ. ಹುಲ್ಲುಕಡ್ಡಿಯ ಎರಡು ಸೀಳನ್ನು ಮುರಿದ ಕಾಲಿನ ಎರಡೂ ಬದಿಗಿಟ್ಟು ಜೇಡರ ಬಲೆಯ ನೂಲಿನಿಂದ ಸುತ್ತಿದ. ಅಷ್ಟು ಸಣ್ಣ ಕಾಲಿಗೆ ಕಟ್ಟು ಕಟ್ಟುವುದು ಸುಲಭವಲ್ಲ. ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಆನೆ ಕಾದಳು.

"ಉಳೀತು" ಅಂತ ನಾರಪ್ಪ ಕೊನೆಗೆ ಬೆವರು ಒರೆಸಿಕೊಂಡ. "ಕಾಲೂ ಉಳೀತು, ಆಳೂ ಉಳಿದಳು."

ದುಂಡಿ ಬಂದು ಸೀಬಕ್ಕನ ಎಲೆಯ ಪಕ್ಕದಲ್ಲಿ ಕೂತಳು.

ಬೆಟ್ಟಮ್ಮನ ಅಂಗಾಲಿನಿಂದ ಸಿಬಿರು ಕಿತ್ತು ಔಷಧಿ ಮೆತ್ತಿದ ಮೇಲೆ, ಅವಳು ದುಂಡಿಯನ್ನು ಕರೆದಳು. "ನನ್ನ ಕಾಲಿಗೆ ಏನೋ ಆಗಿದೆ ಅಂತ ನಿನಗೆ ಮೊದಲೇ ಗೊತ್ತಿತ್ತಂತೆ, ನಾರಪ್ಪ ಹೇಳಿದ. ನಿಮ್ಮಂಥವರ ಮಾತನ್ನ ಮೊದಲಿನಿಂದಲೇ ಕೇಳಿದ್ದರೆ ಕಾಲು ಇಷ್ಟು ಊದುತ್ತಿರಲಿಲ್ಲ. ಏನು ಬಹುಮಾನ ಬೇಕು ಕೇಳು."

"ಬಹುಮಾನ ಬೇಡ ಅಮ್ಮಾವ್ರೇ" ಅಂದಳು ದುಂಡಿ. "ಕೂಲಿ ಬೇಕು."

"ಕೂಲಿ ಕೊಡ್ತಿದ್ದೀವಲ್ಲ?"

"ಆರು ಜನಕ್ಕೆ ಒಂದು ಅತ್ತಿಹಣ್ಣು. ಹನ್ನೆರಡು ಆನೆ ಇದ್ದಾಗ ಗೊತ್ತು ಮಾಡಿದ್ದು."

ಬೆಟ್ಟಮ್ಮ ಹಿಂದಕ್ಕೆ ತಿರುಗಿ ತನ್ನ ಹಿಂಡನ್ನು ನೋಡಿದಳು. ಮೆಳೆಯ ಅಂಚಿನಲ್ಲಿ ಮೂವತ್ತೂ ನಿಂತಿದ್ದವು. ಅವುಗಳ ಹಿಂದೆ ಆಗಲೇ ಇವತ್ತಿನ ಲದ್ದಿ ಬಿದ್ದಿತ್ತು. ಇಷ್ಟು ವರ್ಷ ಅದು ಎಲ್ಲಿ ಹೋಗುತ್ತಿತ್ತು ಅಂತ ಅವಳು ಮೊದಲ ಸಲ ಯೋಚಿಸಿದ ಹಾಗಿತ್ತು.

"ಆರು ಜನಕ್ಕೆ ಮೂರು ಹಣ್ಣು" ಅಂದಳು. "ಹುಳ ಇಲ್ಲದ್ದು."

"ಅಪ್ಪಣೆ" ಅಂದ ಏಕಪಾದಯ್ಯ. "ಮುಂದಿನ ಮಳೆಗಾಲದಿಂದ ಜಾರಿಗೆ ತರುತ್ತೇನೆ."

ಎಲೆಯ ಮೇಲಿಂದ ಸೀಬಕ್ಕ ಕತ್ತೆತ್ತಿದಳು. "ಆಗಲಿ ಸ್ವಾಮಿ. ಲದ್ದಿನೂ ಮುಂದಿನ ಮಳೆಗಾಲದಿಂದಲೇ ತೆಗೆದರಾಯ್ತು, ಅಲ್ವಾ?"

ಬೆಟ್ಟಮ್ಮ ಏಕಪಾದಯ್ಯನ ಮುಖ ನೋಡಿದಳು. ಏಕಪಾದಯ್ಯ ಮಣ್ಣು ನೋಡಿದ.

"ಈ ಹುಣ್ಣಿಮೆಯಿಂದಲೇ ಆಗಬಹುದು" ಅಂತ ಗೊಣಗಿದ.

ಅಷ್ಟರಲ್ಲಿ ಹುಲ್ಲಿನ ಮರೆಯಲ್ಲಿ ಸರಸರ ಸದ್ದಾಯಿತು. ಪಟ್ಟಿಯಿಂದ ಬಿದ್ದುಹೋಗಿದ್ದ ಹುಳುಗಳು ಒಂದೊಂದಾಗಿ ಹೊರಗೆ ಬಂದವು. ಒಂದು ಹಲ್ಲಿನವರು, ಅರ್ಧ ಹಲ್ಲಿನವರು, ಹಲ್ಲೇ ಇಲ್ಲದವರು. ಬಂದು ಬಂದು ಕಚೇರಿಯ ಮುಂದೆ ಉದ್ದಕ್ಕೆ ಸಾಲು ನಿಂತರು. ಆ ಸಾಲು ಮಡುವಿನ ದಂಡೆ ದಾಟಿ, ನೇರಳೆ ಮರದ ಬುಡ ದಾಟಿ, ಇನ್ನೂ ಬೆಳೆಯುತ್ತಲೇ ಇತ್ತು. ಇವರೆಲ್ಲ ಇಷ್ಟು ಜನ ಇದ್ದರಾ ಅಂತ ನವಿಲು ಬಾಯಿ ಬಿಟ್ಟುಕೊಂಡು ನೋಡಿತು.

ಮೊದಲು ನಿಂತವಳು ಹಣ್ಣುಹಣ್ಣು ಮುದುಕಿ. ಏಕಪಾದಯ್ಯ ಅಭ್ಯಾಸಬಲದಿಂದ "ಹೆಜ್ಜೆ" ಅನ್ನಲು ಹೋಗಿ, ತಡೆದು, ಮೊಣಕಾಲು ಬಗ್ಗಿಸಿ ಕೂತ. ಅವಳ ಮುಖ ಕಾಣಬೇಕಾದರೆ ಅವನು ಅಷ್ಟು ಕೆಳಗೆ ಬಾಗಲೇಬೇಕಿತ್ತು.

"ಹೆಸರು ಏನಮ್ಮ?"

"ಮಾಚವ್ವ."

"ಕೆಲಸ?"

ಮುದುಕಿ ದುಂಡಿಯ ಕಡೆ ಒಮ್ಮೆ ನೋಡಿದಳು. ಆಮೇಲೆ ಸವೆದು ಮೊಂಡಾದ ತನ್ನ ಮುಂಗಾಲನ್ನು ಎಲ್ಲರಿಗೂ ಕಾಣುವ ಹಾಗೆ ಮೇಲಕ್ಕೆತ್ತಿ, ಮಡುವಿನ ಆಚೆ ದಡಕ್ಕೂ ಕೇಳುವ ಹಾಗೆ ಹೇಳಿದಳು:

"ಲದ್ದಿ ಕೆಲಸ!"

ನೀತಿ: ದುಡಿದು ಸವೆದ ಕೈಯನ್ನು ಗುರುತಿಸದ ಕಟ್ಟಳೆ, ತನ್ನನ್ನು ಮಾಡಿದವರನ್ನೂ ಒಂದು ದಿನ ಗುರುತಿಸುವುದಿಲ್ಲ.